ಅರ್ಜಿಯಲ್ಲಿ ಇಲ್ಲದ ಸಾಲು

ಅಮ್ಮನನ್ನು ಶಿವಮೊಗ್ಗದ ಹೊರವಲಯದಲ್ಲಿರುವ ಹಿರಿಯರ ಆರೈಕೆ ಕೇಂದ್ರವೊಂದಕ್ಕೆ ಸೇರಿಸಿದ ದಿನ ಮೂರು ಪುಟಗಳ ಅರ್ಜಿಯೊಂದನ್ನು ತುಂಬಿಕೊಟ್ಟಿದ್ದೆ. 2022ರ ಜೂನ್ ತಿಂಗಳು. ಹೊರಗೆ ಮುಂಗಾರಿನ ಮೊದಲ ಜೋರು ಮಳೆ ಹೊಯ್ಯುತ್ತಿತ್ತು. ಹೆಸರು, ವಯಸ್ಸು, ಆಧಾರ್ ಸಂಖ್ಯೆ, ಬಿಪಿ ಇದೆಯೇ, ಸಕ್ಕರೆ ಕಾಯಿಲೆ ಇದೆಯೇ, ಯಾವ ಮಾತ್ರೆ ಯಾವ ಹೊತ್ತಿಗೆ, ಬಿದ್ದು ಪೆಟ್ಟು ಮಾಡಿಕೊಂಡರೆ ಯಾವ ಆಸ್ಪತ್ರೆಗೆ ಒಯ್ಯಬೇಕು, ರಾತ್ರಿ ಹೊತ್ತು ತೀರಿಕೊಂಡರೆ ಯಾರಿಗೆ ಮೊದಲು ಫೋನ್ ಮಾಡಬೇಕು ಎಂಬ ಪ್ರಶ್ನೆಗಳಿಗೆಲ್ಲ ಒಂದೊಂದಾಗಿ ಉತ್ತರ ಬರೆದೆ. ನಡುವೆ ‘ವೃತ್ತಿ’ ಎಂಬ ಕಾಲಂ ಬಂತು. ಅದರ ಮುಂದೆ ಒಂದು ಗಳಿಗೆಯೂ ಯೋಚಿಸದೆ ‘ಗೃಹಿಣಿ’ ಎಂದು ಬರೆದು ಕೆಳಗಿನ ಸಾಲಿಗೆ ಇಳಿದೆ. ನಾನು ಮೂವತ್ತು ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದವಳು. ಖಾತೆ ತೆರೆಯಲು ಬಂದ ಹೆಂಗಸರ ಅರ್ಜಿಗಳಲ್ಲಿ ಆ ಪದವನ್ನು ಸಾವಿರಾರು ಸಲ ನೋಡಿದ್ದೇನೆ, ಬರೆಯಲು ಬಾರದವರ ಪರವಾಗಿ ನಾನೇ ಬರೆದೂ ಇದ್ದೇನೆ. ಅಮ್ಮನ ಅರ್ಜಿಯಲ್ಲಿ ಬರೆದ ಆ ಪದ ಮಾತ್ರ ಇವತ್ತಿಗೂ ಮನಸ್ಸನ್ನು ಕೊರೆಯುತ್ತಿದೆ. ಅಲ್ಲಿಂದ ಮುಂದಿನ ಎಂಟು ತಿಂಗಳಲ್ಲಿ ಅಮ್ಮನಿಗೂ ಅವಳನ್ನು ನೋಡಿಕೊಳ್ಳುತ್ತಿದ್ದವರಿಗೂ ಆದ ತೊಂದರೆಯಲ್ಲಿ ಬಹುಪಾಲು, ಆ ಒಂದು ಪದದ ಹಿಂದೆ ಇದ್ದ ಸಂಗತಿಗಳನ್ನು ನಾನು ಅವರಿಗೆ ಹೇಳದೇ ಹೋದದ್ದರಿಂದ ಆದದ್ದು.

ಹೊಸನಗರ ತಾಲ್ಲೂಕಿನ ನಮ್ಮ ಮನೆ ಒಂಟಿಮನೆ. ಕೂಗಿದರೆ ಕೇಳುವಷ್ಟು ದೂರದಲ್ಲಿ ಇನ್ನೊಂದು ಮನೆಯಿಲ್ಲ. ಹತ್ತೊಂಬತ್ತನೆಯ ವಯಸ್ಸಿಗೆ ಆ ಮನೆಯ ಸೊಸೆಯಾಗಿ ಬಂದ ಅಮ್ಮನಿಗೆ ಬೆಳಗಿನ ಜಾವ ಕೊಟ್ಟಿಗೆಯ ಸಗಣಿ ಬಾಚುವಲ್ಲಿಂದ ದಿನ ಶುರುವಾಗುತ್ತಿತ್ತು. ದನ ಕರೆಯುವುದು, ತೋಟಕ್ಕೆ ಸೊಪ್ಪು ಹೊರುವುದು, ಮಳೆಗಾಲಕ್ಕೆ ಕಟ್ಟಿಗೆ ಕೂಡಿಡುವುದು ಎಲ್ಲವೂ ಅವಳದೇ. ಅಡಿಕೆಯ ಕೊನೆ (ಗೊನೆ) ಕೊಯ್ಲು ಶುರುವಾಯಿತೆಂದರೆ ಎರಡು ತಿಂಗಳು ರಾತ್ರಿ ಹನ್ನೊಂದರವರೆಗೆ ಅಂಗಳದಲ್ಲಿ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕೂತಿರುತ್ತಿದ್ದಳು. ಸುಲಿಯಲು ಬಂದವರಿಗೆ ಚಾ, ಊಟ, ಸುಲಿದ ಡಬ್ಬದ ಲೆಕ್ಕ, ಬೇಯಿಸುವ ಹಂಡೆಯ ಬೆಂಕಿ, ಅಡಿಕೆಗೆ ಬಣ್ಣ ಕೊಡುವ ಚೊಗರಿನ ಹದ. ಒಣಗಿದ ಮೇಲೆ ಅಡಿಕೆಯನ್ನು ಜಗಲಿಯ ಮೇಲೆ ಸುರಿದುಕೊಂಡು ಹಸ, ಬೆಟ್ಟೆ, ರಾಶಿ, ಗೊರಬಲು ಎಂಬ ದರ್ಜೆಗಳಾಗಿ ಆರಿಸಿ ಬೇರೆ ಮಾಡುವ ಕೆಲಸವನ್ನಂತೂ ಅವಳು ಬೇರೆಯವರ ಕೈಗೆ ಬಿಟ್ಟದ್ದೇ ಇಲ್ಲ. ಅವಳು ಆರಿಸಿದ ಚೀಲವನ್ನು ಅಡಿಕೆ ವ್ಯಾಪಾರದ ಮಂಡಿಯಲ್ಲಿ ಮತ್ತೆ ಸುರಿದು ನೋಡುವುದಿಲ್ಲ ಎಂದು ಅಪ್ಪಯ್ಯ ಬಂದವರೆದುರು ಹೇಳುತ್ತಿದ್ದರು. ಅಪ್ಪಯ್ಯನ ಬಾಯಲ್ಲಿ ಅಮ್ಮನ ಬಗ್ಗೆ ಬಂದ ಹೊಗಳಿಕೆಗಳಲ್ಲಿ ನನಗೆ ನೆನಪಿರುವುದು ಅದೊಂದೇ.

ಅಮ್ಮನ ಮರೆವಿನ ಕಾಯಿಲೆಯನ್ನು ನಾವು ತಡವಾಗಿ ಗುರುತಿಸಿದೆವು. ‘ಅರವತ್ತಕ್ಕೆ ಅರಳು ಮರಳು’ ಎಂಬ ಮಾತು ನಮ್ಮ ನಾಲಿಗೆಯ ಮೇಲೆ ಎಷ್ಟು ಸಲೀಸಾಗಿ ಕೂತಿದೆಯೆಂದರೆ, ಅಮ್ಮ ಒಂದೇ ದಿನ ಮೂರು ಬಾರಿ ಅನ್ನಕ್ಕೆ ಇಟ್ಟಾಗಲೂ, ಅಪ್ಪಯ್ಯನ ತಿಥಿಯ ದಿನ ‘ಅವರು ತೋಟದಿಂದ ಇನ್ನೂ ಬರಲಿಲ್ಲವಲ್ಲ’ ಎಂದು ಬಾಳೆಲೆಯ ಮುಂದೆ ಕಾದಾಗಲೂ ವಯಸ್ಸಾಯಿತು ಎಂದುಕೊಂಡು ಸುಮ್ಮನಿದ್ದೆವು. ಒಂದೆಲಗದ ತಂಬುಳಿ ದಿನಾ ಮಾಡಿ ಹಾಕಿ ಎಂದು ಹೇಳಿದವರೂ ಇದ್ದರು. ಹಿಂದೆ ನಮ್ಮ ಪರೀಕ್ಷೆಯ ದಿನಗಳಲ್ಲಿ ಅಮ್ಮನೇ ಮಾಡಿ ಹಾಕುತ್ತಿದ್ದ ತಂಬುಳಿ ಅದು. ಥೈರಾಯ್ಡ್ ಕೊರತೆಯಿಂದಲೋ ಬಿ12 ಜೀವಸತ್ವದ ಕೊರತೆಯಿಂದಲೋ ಬಂದ ಮರೆವಾದರೆ ಚಿಕಿತ್ಸೆಯಿಂದ ಸುಧಾರಿಸುವ ಸಾಧ್ಯತೆ ಇರುತ್ತದೆ ಎಂದು ವೈದ್ಯರು ಮೊದಲು ಆ ರಕ್ತಪರೀಕ್ಷೆಗಳನ್ನೇ ಮಾಡಿಸಿದರು. ಅವು ಸರಿಯಿದ್ದವು. ಅಲ್ಜೈಮರ್ ಎಂದು ತಿಳಿಯುವ ಹೊತ್ತಿಗೆ ಎರಡು ವರ್ಷ ಕಳೆದಿತ್ತು. ಭಾರತದಲ್ಲಿ 60 ದಾಟಿದವರಲ್ಲಿ ಶೇ 7.4ರಷ್ಟು ಮಂದಿಗೆ, ಎಂದರೆ ಸುಮಾರು 88 ಲಕ್ಷ ಜನರಿಗೆ, ಡಿಮೆನ್ಶಿಯಾ (ಮರೆವಿನ ಕಾಯಿಲೆ; ಅಲ್ಜೈಮರ್ ಅದರ ಒಂದು ಬಗೆ) ಇದೆಯೆಂದು ಈಚಿನ ರಾಷ್ಟ್ರಮಟ್ಟದ ಅಧ್ಯಯನವೊಂದು ಅಂದಾಜು ಮಾಡಿದೆ; ಪ್ರಮಾಣ ಗಂಡಸರಿಗಿಂತ ಹೆಂಗಸರಲ್ಲಿ, ಪೇಟೆಗಿಂತ ಹಳ್ಳಿಯಲ್ಲಿ ಹೆಚ್ಚು ಎಂದೂ ಅದು ಹೇಳುತ್ತದೆ. ಆ ಲೆಕ್ಕ ಓದಿದಾಗ ನಮ್ಮ ಊರಿನ ಒಂದೊಂದೇ ಮನೆಯ ಜಗಲಿ ಕಣ್ಣ ಮುಂದೆ ಬಂತು. ಅಡಿಕೆಯ ಬೆಲೆ ಏರಿದ ವರ್ಷಗಳಲ್ಲಿ ಕಟ್ಟಿಸಿದ ದೊಡ್ಡ ದೊಡ್ಡ ಮನೆಗಳು, ಮಕ್ಕಳು ಬೆಂಗಳೂರಿನಲ್ಲಿ, ಒಳಗೆ ಇಬ್ಬರೋ ಒಬ್ಬರೋ ಮುದುಕರು, ಮಳೆಗಾಲದಲ್ಲಿ ವಾರಗಟ್ಟಲೆ ಕರೆಂಟ್ ಇಲ್ಲ, ಫೋನ್ ಸಿಗುವುದಿಲ್ಲ, ಅಂಗಳದ ಆಚೆ ಕಟ್ಟೆಯಿಲ್ಲದ ಬಾವಿ, ಅದರಾಚೆ ತುಂಬಿದ ಹಳ್ಳ.

ಅಮ್ಮ ಒಂದು ರಾತ್ರಿ ಎರಡು ಗಂಟೆಗೆ ತೋಟದ ನೀರು ಬಸಿಯುವ ಕಾಲುವೆಯಾದ ಕಾದಿಗೆಯಲ್ಲಿ ಬಿದ್ದು ಬೆಳಗಿನವರೆಗೆ ಅಲ್ಲೇ ಇದ್ದಳು. ಅದಾದ ಮೇಲೆ ಅವಳನ್ನು ಶಿವಮೊಗ್ಗದ ನನ್ನ ಮನೆಗೆ ಕರೆತಂದೆ. ನಾನು ಕೆಲಸಕ್ಕೆ ಹೋದ ಹೊತ್ತಿನಲ್ಲಿ ನೋಡಿಕೊಳ್ಳಲು ಬಂದವರು ಒಬ್ಬರಾದ ಮೇಲೆ ಒಬ್ಬರು ಬಿಟ್ಟು ಹೋದರು. ಒಂದು ವರ್ಷ ಹಾಗೂ ಹೀಗೂ ನಡೆಯಿತು. ಆಮೇಲೆ ನಡೆಯಲಿಲ್ಲ. ‘ಹೆತ್ತ ತಾಯಿಯನ್ನ ಆಶ್ರಮಕ್ಕೆ ಬಿಟ್ಟು ಬಂದ್ಲು’ ಎಂಬ ಮಾತು ಊರಿನಿಂದ ನನ್ನ ಕಿವಿಗೆ ಬರಲು ಒಂದು ವಾರವೂ ಬೇಕಾಗಲಿಲ್ಲ. ಬೆಂಗಳೂರಿನಲ್ಲಿರುವ ಅಣ್ಣನ ಬಗ್ಗೆ ಯಾರೂ ಏನೂ ಹೇಳಲಿಲ್ಲ. ಅದರ ಬಗ್ಗೆ ಬರೆಯುವುದು ಬೇಕಾದಷ್ಟಿದೆ, ಈಗ ಅದು ಬೇಡ.

ಮುಸ್ಸಂಜೆಯ ಗೇಟು

ಸೇರಿಸಿದ ಮೊದಲ ವಾರದಿಂದಲೇ ಸಂಜೆ ಐದೂವರೆಯಾದರೆ ಅಮ್ಮ ಗೇಟಿನ ಬಳಿ ಹೋಗಿ ನಿಲ್ಲುತ್ತಿದ್ದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈಯಲ್ಲಿ ಸರಳು ಹಿಡಿದು, ‘ಮನೆಗೆ ಹೋಗ್ಬೇಕು, ಹೊತ್ತಾತು, ಬಾಗ್ಲು ತೆಗಿರಿ’ ಎನ್ನುತ್ತಿದ್ದಳು. ಒಳಗೆ ಕರೆದರೆ ಬರುತ್ತಿರಲಿಲ್ಲ, ಕೈ ಹಿಡಿದರೆ ಕೊಸರಿಕೊಳ್ಳುತ್ತಿದ್ದಳು. ಮುಸ್ಸಂಜೆಗೆ ಚಡಪಡಿಕೆ ಹೆಚ್ಚುವುದು ಈ ಕಾಯಿಲೆಯಲ್ಲಿ ಸಾಮಾನ್ಯ ಎಂದು ವೈದ್ಯರು ಹೇಳಿದ್ದರು. ಅಲ್ಲಿನ ಸಹಾಯಕಿಯರು ‘ನಾಳೆ ಹೋಗಣ ಅಜ್ಜಿ, ಇವತ್ತು ಬಸ್ಸಿಲ್ಲ’ ಎನ್ನುತ್ತಿದ್ದರು. ನನಗೆ ಆ ಮಾತು ಕೇಳಿ ಸಂಕಟವಾಗುತ್ತಿತ್ತು. ಅಮ್ಮನಿಗೆ ಯಾರಾದರೂ ಸುಳ್ಳು ಹೇಳುವುದನ್ನು, ಅದೂ ನನ್ನೆದುರಿಗೆ, ನಾನು ಸಹಿಸುವುದು ಹೇಗೆ?

ಒಂದು ಬುಧವಾರ ಬ್ಯಾಂಕ್ ಮುಗಿಸಿಕೊಂಡು ಅಲ್ಲಿಗೆ ಹೋದಾಗ ಅಮ್ಮ ಗೇಟಿನ ಒಳಗೆ ನಿಂತಿದ್ದಳು. ‘ಯಾವ ಮನೆಗೆ ಅಮ್ಮಾ?’ ಎಂದು ಕೇಳಿದೆ. ‘ನಮ್ಮನೆಗೆ. ಹೊಳೆ ದಾಟಿದ್ರೆ ಆತಲ್ಲ’ ಎಂದಳು. ಹೊಸನಗರದ ನಮ್ಮ ಮನೆಗೆ ಹೋಗಲು ಯಾವ ಹೊಳೆಯನ್ನೂ ದಾಟಬೇಕಿಲ್ಲ. ಅವಳು ಹೇಳುತ್ತಿದ್ದುದು ಸಾಗರ ತಾಲ್ಲೂಕಿನ ಶರಾವತಿ ದಂಡೆಯಲ್ಲಿದ್ದ ತನ್ನ ತವರುಮನೆಯನ್ನು. ಆ ಕಣಿವೆಯಲ್ಲಿ ನೀರು ಎರಡು ಸಲ ಏರಿತು: 1940ರ ದಶಕದ ಕೊನೆಯಲ್ಲಿ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟೆಯಿಂದ ಒಮ್ಮೆ, 1964ರಲ್ಲಿ ಲಿಂಗನಮಕ್ಕಿಯಿಂದ ಇನ್ನೊಮ್ಮೆ. ಎರಡನೆಯ ಸಲ ಹಳೆಯ ಅಣೆಕಟ್ಟೆಯೇ ಮುಳುಗಿತು. ಅಮ್ಮನ ತವರು ಮುಳುಗಿದ್ದು ಆಗಲೇ. ಮದುವೆಯಾದ ವರ್ಷ ದೀಪಾವಳಿಗೆ ಹೋಗಿದ್ದ ಮನೆ ಮರುವರ್ಷ ಇರಲಿಲ್ಲ. ಅಜ್ಜ ಹೆಂಚು, ಕಂಬ, ಮುಂಬಾಗಿಲ ದಾರಂದ ಬಿಚ್ಚಿಕೊಂಡು ಶಿವಮೊಗ್ಗದ ಕಡೆ ಕೊಟ್ಟ ಕಾಡುಜಾಗಕ್ಕೆ ಬಂದು ಮೊದಲಿನಿಂದ ಬದುಕು ಶುರು ಮಾಡಿದರು. ಹಾಗೆ ಬಂದ ಎಷ್ಟೋ ಕುಟುಂಬಗಳ ಹಕ್ಕುಪತ್ರದ ಪ್ರಶ್ನೆ ಇವತ್ತಿಗೂ ಮುಗಿದಿಲ್ಲ. ಸಿಗಂದೂರಿಗೆ ಹೋಗುವವರು ಈಗ ಲಾಂಚಿಗೆ ಕಾಯಬೇಕಿಲ್ಲ, 2025ರ ಜುಲೈಯಲ್ಲಿ ಆ ಹಿನ್ನೀರಿಗೆ ಸೇತುವೆಯೂ ಆಯಿತು. ಅಮ್ಮ ಹೋಗಬೇಕೆನ್ನುವ ದಾರಿ ಅದೇ ನೀರಿನ ಅಡಿಯಲ್ಲಿದೆ.

ನಾನು ಸತ್ಯ ಹೇಳಬೇಕೆಂದುಕೊಂಡೆ. ‘ಅಮ್ಮಾ, ಆ ಮನೆ ಈಗೆಲ್ಲಿದೆ? ಡ್ಯಾಂ ಕಟ್ಟಿದಾಗ್ಲೇ ಮುಳುಗಿ ಹೋತಲ್ಲ’ ಎಂದೆ. ಅಮ್ಮ ಸರಳು ಬಿಟ್ಟು ನನ್ನನ್ನೇ ನೋಡಿದಳು. ‘ಮುಳುಗ್ತಾ? ಯಾವಾಗ?’ ಎಂದಳು. ‘ಅಪ್ಪಯ್ಯ ಎಲ್ಲಿಗೆ ಹೋದ್ರು? ಕೊಟ್ಟಿಗೇಲಿ ದನ ಇದ್ವಲ್ಲ, ಹಗ್ಗ ಬಿಚ್ಚಿದ್ರಾ ಯಾರಾದ್ರೂ? ನಂಗೆ ಒಬ್ರೂ ಹೇಳ್ಲಿಲ್ವಲ್ಲ!’ ಆಮೇಲೆ ಅಲ್ಲೇ ನೆಲದ ಮೇಲೆ ಕೂತು ಅತ್ತಳು. ಅರವತ್ತು ವರ್ಷದ ಹಿಂದಿನ ಸುದ್ದಿಯನ್ನು ನೆನಪು ಮಾಡಿಕೊಂಡು ಅಳುವವರ ಹಾಗಿರಲಿಲ್ಲ ಅದು; ಆಗಷ್ಟೇ ಸುದ್ದಿ ಕೇಳಿದವರು ಅಳುವ ಹಾಗೆ, ಎದೆ ಹಿಡಿದುಕೊಂಡು ಅತ್ತಳು. ಅರ್ಧ ಗಂಟೆಯಲ್ಲಿ ಯಾಕೆ ಅಳುತ್ತಿದ್ದೇನೆ ಎಂಬುದು ಅವಳಿಗೆ ಮರೆತಿತ್ತು. ಅಳು ಮಾತ್ರ ನಿಂತಿರಲಿಲ್ಲ. ರಾತ್ರಿ ಊಟ ಮುಟ್ಟಲಿಲ್ಲ, ನಡುರಾತ್ರಿ ಎದ್ದು ಮತ್ತೆ ಅತ್ತಳು ಎಂದು ಮರುದಿನ ಸಹಾಯಕಿ ಹೇಳಿದಳು. ನಡೆದದ್ದನ್ನು ನೆನಪಾಗಿ ಉಳಿಸಿಕೊಳ್ಳಲು ಬೇಕಾದ ಹಿಪೊಕ್ಯಾಂಪಸ್ ಎಂಬ ಮೆದುಳಿನ ಭಾಗ ಅಲ್ಜೈಮರಿನಲ್ಲಿ ಬೇಗನೇ ಹಾನಿಗೊಳ್ಳುತ್ತದೆ. ಹಾಗಾಗಿ ಸಂಗತಿ ಅಳಿಸಿ ಹೋದರೂ ಅದು ಎಬ್ಬಿಸಿದ ದುಃಖವೋ ಭಯವೋ ಗಂಟೆಗಟ್ಟಲೆ ಉಳಿಯಬಲ್ಲದು ಎಂಬುದನ್ನು ನಾನು ಓದಿ ತಿಳಿದದ್ದು ಆಮೇಲೆ. ಓದುವ ಮೊದಲೇ ಕಣ್ಣಾರೆ ನೋಡಿದ್ದೆ. ನನ್ನ ಸತ್ಯನಿಷ್ಠೆಗೆ ಅಮ್ಮ ಒಂದು ಇಡೀ ರಾತ್ರಿಯ ದುಃಖ ಅನುಭವಿಸಬೇಕಾಯಿತು.

ದಾರಿ ತೋರಿಸಿದವಳು ರಿಪ್ಪನ್‌ಪೇಟೆ ಕಡೆಯಿಂದ ಬಂದ ಒಬ್ಬ ಸಹಾಯಕಿ. ನಲವತ್ತರ ಆಸುಪಾಸಿನ ಹೆಂಗಸು, ಇಬ್ಬರು ಮಕ್ಕಳ ತಾಯಿ, ಈ ಕೆಲಸಕ್ಕೆಂದು ಎಲ್ಲೂ ತರಬೇತಿ ಪಡೆದವಳಲ್ಲ. ಮುಂದಿನ ವಾರ ಅದೇ ಗೇಟಿನ ಬಳಿ ಅವಳು ಅಮ್ಮನ ಪಕ್ಕ ಹೋಗಿ ನಿಂತು, ‘ಮನೆಗೆ ಹೋಗಿ ಈಗ ಎಂತ ಕೆಲ್ಸ ಇತ್ತಜ್ಜಿ?’ ಎಂದು ಕೇಳಿದಳು. ‘ಎಂತ ಕೆಲ್ಸ ಅಂತ ಕೇಳ್ತಿಯಲ್ಲ ಮಾರಾಯ್ತಿ! ದನ ಬಂದಿರ್ತಾವೆ, ಕರು ಬಿಡ್ಬೇಕು, ಹಾಲು ಕರೀಬೇಕು, ದೀಪ ಹಚ್ಚಬೇಕು’ ಎಂದಳು ಅಮ್ಮ. ‘ಹೌದು ಮತ್ತೆ. ನಮ್ಮಲ್ಲೂ ದೀಪ ಹಚ್ಚೋ ಹೊತ್ತಾತು. ಬತ್ತಿ ಒಂದೂ ಇಲ್ಲ. ಹೊಸೆದು ಕೊಡ್ತೀರಾ?’ ಎಂದು ಅವಳು ಕೇಳಿದ್ದೇ ಅಮ್ಮ ಸರಳು ಬಿಟ್ಟು ‘ಹತ್ತಿ ಎಲ್ಲಿಟ್ಟಿದೀಯ’ ಎನ್ನುತ್ತಾ ಒಳಗೆ ನಡೆದಳು. ಹತ್ತಿಯ ಎಳೆಯನ್ನು ಮೊಣಕಾಲಿನ ಮೇಲೆ ಇಟ್ಟು, ಬೆರಳಿಗೆ ಹಚ್ಚಿಕೊಳ್ಳಲು ಬೂದಿ ಇಲ್ಲದ್ದರಿಂದ, ಉಗುಳು ಮುಟ್ಟಿಸಿಕೊಳ್ಳದೆ ನೀರು ಕೇಳಿ ಪಡೆದು, ಒಂದೇ ಅಳತೆಯ ಹದಿನೈದು ಬತ್ತಿ ಹೊಸೆದು ಸಾಲಾಗಿ ಇಟ್ಟಳು. ಆ ಹೆಂಗಸು ಸುಳ್ಳು ಹೇಳಲಿಲ್ಲ, ಸತ್ಯವನ್ನೂ ಮುಖಕ್ಕೆ ರಾಚಲಿಲ್ಲ. ಅಮ್ಮ ಕೇಳುತ್ತಿದ್ದ ‘ಮನೆ’ಯಲ್ಲಿ ಆ ಹೊತ್ತಿನ ಕೆಲಸವೇ ಮುಖ್ಯವಾಗಿತ್ತು ಎಂಬುದು ಅವಳಿಗೆ ತಿಳಿದಿತ್ತು, ಅಮ್ಮನ ಮಗಳಾದ ನನಗೆ ತಿಳಿದಿರಲಿಲ್ಲ.

ಮಾತ್ರೆಗಳ ನಾಲ್ಕು ಗುಡ್ಡೆ

ಎಲ್ಲ ಸಂಜೆಯೂ ಆ ಸಹಾಯಕಿಯ ಪಾಳಿ ಇರುತ್ತಿರಲಿಲ್ಲ. ಅವಳಿಲ್ಲದ ದಿನ ಗೇಟಿನ ಗಲಾಟೆ ಮತ್ತೆ ಆಗುತ್ತಿತ್ತು. ಜನವರಿಯ ಹೊತ್ತಿಗೆ ಅಮ್ಮ ಇನ್ನೊಂದು ಅಭ್ಯಾಸ ಹಚ್ಚಿಕೊಂಡಿದ್ದಳು. ಕೈಗೆ ಸಿಕ್ಕ ಸಣ್ಣ ವಸ್ತುಗಳನ್ನೆಲ್ಲ ತೆಗೆದುಕೊಂಡು ಹೋಗುತ್ತಿದ್ದಳು. ಬೇರೆಯವರ ಜಪಮಣಿ, ಅಡುಗೆಮನೆಯ ಕಡಲೆಕಾಯಿ, ಅಂಗಿಯ ಗುಂಡಿ. ಸಹವಾಸಿಗಳು ಕಳ್ಳತನ ಎಂದು ದೂರಿದರು. ಒಂದು ಮಧ್ಯಾಹ್ನ ಕೇಂದ್ರದಿಂದ ಫೋನ್ ಬಂತು. ದಾದಿ ಹಿಂದೆ ತಿರುಗಿದ ಹೊತ್ತಿನಲ್ಲಿ ಅಮ್ಮ ಮಾತ್ರೆಗಳ ಟ್ರೇಯನ್ನೇ ಎತ್ತಿಕೊಂಡು ಹೋಗಿ ಹಾಸಿಗೆಯ ಮೇಲೆ ಸುರಿದುಕೊಂಡಿದ್ದಳು. ಯಾರ ಮಾತ್ರೆ ಯಾವುದು ಎಂದು ಎಲ್ಲವನ್ನೂ ಮತ್ತೆ ಹೊಂದಿಸಬೇಕಾಯಿತು, ಅಮ್ಮ ಏನನ್ನಾದರೂ ನುಂಗಿರಬಹುದೇ ಎಂಬ ಭಯ ಬೇರೆ. ಅವರ ಸಿಟ್ಟು ನ್ಯಾಯವಾದದ್ದೇ. ಕೇಂದ್ರಕ್ಕೆ ಬರುವ ವೈದ್ಯರು ಸಂಜೆಗೆ ಒಂದು ಸಣ್ಣ ಪ್ರಮಾಣದ ಮನೋರೋಗದ ಮಾತ್ರೆ ಶುರು ಮಾಡೋಣವೇ ಎಂದು ನನ್ನ ಒಪ್ಪಿಗೆ ಕೇಳಿದರು. ಡಿಮೆನ್ಶಿಯಾ ಇರುವ ವೃದ್ಧರಲ್ಲಿ ಅಂಥ ಮಾತ್ರೆಗಳಿಂದ ಸಾವಿನ ಅಪಾಯ ಹೆಚ್ಚುತ್ತದೆಂದು 2005ರಲ್ಲೇ ಅಮೆರಿಕದ ಔಷಧ ನಿಯಂತ್ರಕರು ಎಚ್ಚರಿಕೆ ಹೊರಡಿಸಿದ್ದನ್ನೂ, ಬೇರೆ ದಾರಿಯಿಲ್ಲದಾಗ ಎಚ್ಚರಿಕೆಯಿಂದ ಕೊಡುವುದುಂಟು ಎಂಬುದನ್ನೂ ಮುಚ್ಚುಮರೆಯಿಲ್ಲದೆ ಹೇಳಿದರು. ನಾನು ಒಂದು ತಿಂಗಳ ಸಮಯ ಕೇಳಿದೆ.

ದಾದಿ ನನಗೆ ತೋರಿಸಲೆಂದು ಹಾಸಿಗೆಯ ಫೋಟೊ ತೆಗೆದಿಟ್ಟಿದ್ದಳು. ಅಮ್ಮ ಎಷ್ಟು ಹಾಳು ಮಾಡಿದ್ದಾಳೆ ನೋಡಿ ಎಂಬುದು ಅವಳ ಉದ್ದೇಶ. ಬಿಳಿಯ ಹೊದಿಕೆಯ ಮೇಲೆ ನಾಲ್ಕು ಗುಡ್ಡೆಗಳಿದ್ದವು. ದೊಡ್ಡ ಬಿಳಿ ಮಾತ್ರೆಗಳು ಒಂದು ಕಡೆ, ಕೆಂಪು ಛಾಯೆಯ ಸಣ್ಣವು ಇನ್ನೊಂದು ಕಡೆ, ಅರ್ಧ ಮುರಿದವು ಪ್ರತ್ಯೇಕ, ಕ್ಯಾಪ್ಸೂಲುಗಳು ಕಾಲಿನ ಹತ್ತಿರ. ಗುಡ್ಡೆಗಳ ನಡುವೆ ಒಂದು ಗೇಣು ಜಾಗ, ಎಡಗಡೆ ಇನ್ನೂ ಆರಿಸದೆ ಉಳಿದ ಮಾತ್ರೆಗಳು. ಜಗಲಿಯ ಮೇಲೆ ಅಡಿಕೆ ಆರಿಸಲು ಕೂತಾಗ ಅಮ್ಮ ಗುಡ್ಡೆಗಳನ್ನು ಇಟ್ಟುಕೊಳ್ಳುತ್ತಿದ್ದುದು ಹೀಗೆಯೇ: ಎದುರಿಗೆ ರಾಶಿ, ಬಲಕ್ಕೆ ಬೆಟ್ಟೆ, ಹಸ ಪ್ರತ್ಯೇಕ, ಗೊರಬಲು ಕಾಲಿನ ಹತ್ತಿರ. ಆ ಫೋಟೊ ನೋಡುತ್ತಾ ಬ್ಯಾಂಕಿನ ಕೌಂಟರಿನಲ್ಲೇ ನನಗೆ ಕಣ್ಣೀರು ಬಂತು. ಕ್ಯಾಲೆಂಡರಿನಲ್ಲಿ ಜನವರಿ ನಡೆಯುತ್ತಿತ್ತು. ನಮ್ಮ ಮನೆಯಲ್ಲಿ ಅಡಿಕೆ ಆರಿಸುವ ಕಾಲ. ಅದು ತಿಂಗಳ ಲೆಕ್ಕ ಅವಳಿಗೆ ತಿಳಿದಿದ್ದರಿಂದ ಆಯಿತು ಎಂದು ನಾನು ಹೇಳುತ್ತಿಲ್ಲ. ಕೈಗೆ ರೂಢಿಯಾದ ಕೆಲಸದ ನೆನಪು ಮೆದುಳಿನಲ್ಲಿ ಬೇರೆ ಕಡೆ ಕೂತಿರುತ್ತದೆ, ಹೆಸರು ದಿನಾಂಕಗಳು ಹೋದ ಮೇಲೂ ಬಹಳ ಕಾಲ ಉಳಿಯುತ್ತದೆ.

ಮರುವಾರ ಊರಿನಿಂದ ಎರಡು ಕಿಲೊ ಮಿಶ್ರ ಅಡಿಕೆ ತರಿಸಿ ಕೇಂದ್ರಕ್ಕೆ ಒಯ್ದೆ. ಮೇಲ್ವಿಚಾರಕಿ ಮೊದಲಿಗೆ ಒಪ್ಪಲಿಲ್ಲ. ಬಾಯಿಗೆ ಹಾಕಿಕೊಂಡು ಗಂಟಲಿಗೆ ಸಿಕ್ಕಿದರೆ ಯಾರು ಹೊಣೆ ಎಂದು ಕೇಳಿದರು. ಕೇಳಬೇಕಾದ ಪ್ರಶ್ನೆಯೇ, ಎಲೆಯಡಿಕೆ ಹಾಕುತ್ತಿದ್ದ ಅಮ್ಮ ಎರಡನೆಯ ದಿನವೇ ಒಂದನ್ನು ದವಡೆಗೆ ಇಟ್ಟುಕೊಂಡಳು, ಬೆರಳು ಹಾಕಿ ತೆಗೆಯಬೇಕಾಯಿತು. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ದಿನಕ್ಕೆ ಇನ್ನೂರು ಅಡಿಕೆ, ಎಣಿಸಿ ಕೊಡುವುದು, ಎಣಿಸಿ ವಾಪಸು ಪಡೆಯುವುದು. ನಾಲ್ಕೂವರೆಯಿಂದ ಆರರವರೆಗೆ, ಯಾರಾದರೊಬ್ಬರು ಪಕ್ಕದಲ್ಲಿ ಇದ್ದಾಗ ಮಾತ್ರ. ಅಮ್ಮ ಮೊರವನ್ನು ತೊಡೆಯ ಮೇಲೆ ಇಟ್ಟುಕೊಂಡು ಆರಿಸಲು ಕೂತಳು. ಹೆಬ್ಬೆರಳಿನಿಂದ ಒಂದೊಂದು ಅಡಿಕೆಯನ್ನು ಅರ್ಧ ಸುತ್ತು ತಿರುಗಿಸಿ, ಕಣ್ಣಿಗಿಂತ ಹೆಚ್ಚಾಗಿ ಚರ್ಮದಿಂದ ನೋಡಿ, ಅದರ ಗುಡ್ಡೆಗೆ ಎಸೆಯುತ್ತಿದ್ದಳು. ಅವಳು ಇಡುತ್ತಿರಲಿಲ್ಲ, ಎಸೆಯುತ್ತಿದ್ದಳು. ಒಂದೂ ಗುರಿ ತಪ್ಪಿ ಬೇರೆ ಗುಡ್ಡೆಗೆ ಬೀಳುತ್ತಿರಲಿಲ್ಲ. ರಾತ್ರಿ ಎಲ್ಲವನ್ನೂ ಮತ್ತೆ ಬೆರೆಸಿ ಇಡುತ್ತಿದ್ದರು. ಮುಗಿದ ಕೆಲಸವನ್ನು ಹಾಗೆ ಕೆಡಿಸಿ ಇಡುವುದು ಅಮ್ಮನಿಗೆ ಮಾಡುವ ಅವಮಾನವೇನೋ ಎಂದು ನನಗೆ ಮೊದಮೊದಲು ಅನ್ನಿಸಿತು. ಆಮೇಲೆ ನೋಡಿದರೆ ಪ್ರತಿ ಸಂಜೆ ಹೊಸ ಚೀಲ ಬಂತೆಂದೇ ಅವಳು ತಿಳಿಯುತ್ತಿದ್ದಳು. ಗೇಟಿಗೆ ಹೋಗುವುದು ಪೂರ್ತಿ ನಿಲ್ಲಲಿಲ್ಲ. ವಾರಕ್ಕೆ ಒಂದೆರಡು ಸಲಕ್ಕೆ ಇಳಿಯಿತು. ಸಂಜೆಯ ಮಾತ್ರೆ ಶುರು ಮಾಡುವ ಅಗತ್ಯ ಬೀಳಲಿಲ್ಲ. ಇದು ಎಲ್ಲರಿಗೂ ಒಪ್ಪುತ್ತದೆ ಎಂದು ಹೇಳುವ ಧೈರ್ಯ ನನಗಿಲ್ಲ. ಪಕ್ಕದ ಕೋಣೆಯ ನಿವೃತ್ತ ಮೇಷ್ಟ್ರಿಗೆ ಆ ಮಾತ್ರೆ ಬೇಕೇ ಆಯಿತು, ಅದರಿಂದ ಅವರಿಗೆ ನೆಮ್ಮದಿಯ ನಿದ್ದೆಯೂ ಬಂತು.

ಆ ವರ್ಷದ ಮಳೆಗಾಲದಲ್ಲಿ ನಡೆದ ಒಂದು ಸಂಗತಿಯನ್ನು ಹೇಳಲೇಬೇಕು. ಒಂದು ಸಂಜೆ ರಿಪ್ಪನ್‌ಪೇಟೆಯ ಆ ಸಹಾಯಕಿ ನನಗೆ ಫೋನ್ ಮಾಡಿ, ‘ಅಕ್ಕಾ, ಅಜ್ಜಿ ಇವತ್ತು ಎಲ್ಲಾ ಅಡಿಕೆ ಒಂದೇ ಗುಡ್ಡೆ ಮಾಡಿದಾರೆ. ನಂಗ್ಯಾಕೋ ಸರಿ ಕಾಣ್ತಿಲ್ಲ’ ಎಂದಳು. ಜ್ವರ ಇರಲಿಲ್ಲ, ಅಮ್ಮ ನೋವು ಎಂದು ಹೇಳಿರಲೂ ಇಲ್ಲ. ಮರುದಿನ ಮಾಡಿಸಿದ ಮೂತ್ರಪರೀಕ್ಷೆಯಲ್ಲಿ ಸೋಂಕು ಕಂಡಿತು. ವಯಸ್ಸಾದವರಲ್ಲಿ, ಅದರಲ್ಲೂ ಡಿಮೆನ್ಶಿಯಾ ಇರುವವರಲ್ಲಿ, ಸೋಂಕಿನ ಮೊದಲ ಗುರುತು ಜ್ವರದ ಬದಲು ಹಠಾತ್ತಾಗಿ ಹೆಚ್ಚುವ ಗೊಂದಲವೇ ಆಗಿರಬಹುದು. ಮನೆಯವರು ಕಾಯಿಲೆ ಮುಂದುವರಿಯಿತು ಎಂದುಕೊಂಡು ಬಿಟ್ಟುಬಿಡುವುದು ಇಲ್ಲಿಯೇ. ಐದು ದಿನದ ಔಷಧಿಯ ನಂತರ ಗುಡ್ಡೆ ಮತ್ತೆ ನಾಲ್ಕಾಯಿತು. ಅಮ್ಮನಿಗೆ ಯಾವುದು ಮಾಮೂಲು ಎಂಬುದನ್ನು ಆ ಹೆಂಗಸು ಅಷ್ಟು ಖಚಿತವಾಗಿ ತಿಳಿದಿದ್ದಳು. ಬಿಪಿ ನೋಡುವ ಯಂತ್ರಕ್ಕೆ ಅದು ತಿಳಿಯುತ್ತಿರಲಿಲ್ಲ.

ಬರೆದು ಕೊಟ್ಟ ಎರಡು ಹಾಳೆ

ಅದಾದ ಮೇಲೆ ಒಂದು ಭಾನುವಾರ ಕೂತು ಅಮ್ಮನ ಬಗ್ಗೆ ಎರಡು ಹಾಳೆ ಬರೆದೆ. ಸ್ನಾನದ ವಿಷಯ ಮೊದಲು ಬರೆದೆ, ಏಕೆಂದರೆ ಅಮ್ಮ ಅಲ್ಲಿ ಹೊಡೆದದ್ದು, ಪರಚಿದ್ದು ಎಲ್ಲವೂ ಬೆಳಿಗ್ಗೆ ಆರು ಗಂಟೆಯ ಸ್ನಾನದ ಹೊತ್ತಿನಲ್ಲಿ. ತೋಟ, ಕೊಟ್ಟಿಗೆಯ ಕೆಲಸ ಮಾಡಿದವರು ಮಲೆನಾಡಿನಲ್ಲಿ ಸಂಜೆ ಮೀಯುತ್ತಾರೆ. ಬಚ್ಚಲ ಹಂಡೆಯಲ್ಲಿ ಮಧ್ಯಾಹ್ನದಿಂದ ಕಾದ, ಮೈ ಕೆಂಪಾಗುವಷ್ಟು ಬಿಸಿಯ ನೀರು, ಹೊಗೆಯ ವಾಸನೆ, ಮಂದ ಬೆಳಕು. ಅರವತ್ತು ವರ್ಷ ಹಾಗೆ ಮಿಂದವಳನ್ನು ಬೆಳಗಿನ ಚಳಿಯಲ್ಲಿ ಟ್ಯೂಬ್‌ಲೈಟಿನ ಕೆಳಗೆ ಅಪರಿಚಿತರು ಬಟ್ಟೆ ಬಿಚ್ಚಿಸಲು ಹೋದರೆ ಅವಳು ಪರಚದೆ ಇನ್ನೇನು ಮಾಡಿಯಾಳು? ಚಾ ಲೋಟದಲ್ಲಿ ಕೊಡಿ, ಕಪ್ಪಿನಲ್ಲಿ ಬೇಡ, ಕಪ್ಪಿನ ಹಿಡಿ ಹಿಡಿಯಲು ಅವಳಿಗೆ ಬರುವುದಿಲ್ಲ ಎಂದು ಬರೆದೆ. ಊಟ ಬಿಟ್ಟ ದಿನ ಗಂಜಿಯ ಜೊತೆ ಅಪ್ಪೆಮಿಡಿ ಉಪ್ಪಿನಕಾಯಿಯ ರಸ ತೋರಿಸಿ. ಎಡಗಿವಿ ಮಂದ, ಬಲಕ್ಕೆ ಬಂದು ಮಾತಾಡಿಸಿ. ‘ಅಜ್ಜಿ’ ಎಂದರೆ ಕೆಲವೊಮ್ಮೆ ತಿರುಗುವುದಿಲ್ಲ, ತಾನಿನ್ನೂ ಇಪ್ಪತ್ತರವಳು ಎಂದುಕೊಂಡಿರುತ್ತಾಳೆ. ಆಗ ‘ಅಮ್ಮ’ ಎನ್ನಿ. ದನ ಕೂಗಿದರೆ ಎದ್ದು ಹೋಗುತ್ತಾಳೆ. ತವರುಮನೆ ಮುಳುಗಿದ್ದನ್ನು ಹೇಳಬೇಡಿ.

ಎಲ್ಲವೂ ನಡೆಯಲಿಲ್ಲ. ಸಂಜೆಯ ಸ್ನಾನ ವಾರಕ್ಕೆ ಮೂರು ದಿನ ಮಾತ್ರ ಸಾಧ್ಯವಾಯಿತು, ಏಕೆಂದರೆ ಸಂಜೆ ಅಲ್ಲಿ ಕೈಗಳೇ ಇಲ್ಲ. ಇಪ್ಪತ್ತಾರು ಮಂದಿಗೆ ಹಗಲು ಐವರು, ರಾತ್ರಿ ಇಬ್ಬರು. ಅವರ ಸಂಬಳ ಅಡಿಕೆ ಸುಲಿಯಲು ಹೋದವರಿಗೆ ಸುಗ್ಗಿಯಲ್ಲಿ ಸಿಗುವ ಕೂಲಿಗಿಂತ ಕಡಿಮೆ. ಹಾಗಾಗಿ ಸುಗ್ಗಿ ಬಂದರೆ ಕೆಲವರು ಬಿಟ್ಟೇ ಹೋಗುತ್ತಾರೆ, ಅವರ ಜೊತೆ ಅವರು ತಿಳಿದುಕೊಂಡದ್ದೂ ಹೋಗುತ್ತದೆ. ಬರೆದಿಡಬೇಕು ಎಂದು ನಾನು ಹಠ ಹಿಡಿಯುವುದು ಇದಕ್ಕಾಗಿಯೇ. ರಿಪ್ಪನ್‌ಪೇಟೆಯ ಸಹಾಯಕಿಯೂ ಕಳೆದ ವರ್ಷ ಮಗಳ ಬಾಣಂತನಕ್ಕೆಂದು ಹೋದವಳು ಮತ್ತೆ ಬರಲಿಲ್ಲ. ಹಾಳೆಗಳು ಅಮ್ಮನ ಮಂಚದ ಪಕ್ಕದ ಕಪಾಟಿನ ಬಾಗಿಲಿಗೆ ಅಂಟಿಸಿದ್ದು ಹಾಗೆಯೇ ಇವೆ. ಕೆಳಗೆ ಅವಳು ತನ್ನ ಕೈಯಲ್ಲಿ ಸೇರಿಸಿದ ಸಾಲೂ ಇದೆ: ‘ಅಳುವಾಗ ಬೆನ್ನು ಸವರಬೇಡಿ, ಕೈ ಹಿಡಿಯಿರಿ.’ ಅದು ನನಗೂ ಗೊತ್ತಿರಲಿಲ್ಲ.

ಹೆತ್ತವರ ಮತ್ತು ಹಿರಿಯ ನಾಗರಿಕರ ಪಾಲನೆಗಾಗಿ 2007ರಲ್ಲಿ ಬಂದ ಕಾಯ್ದೆಯನ್ನು ಓದಿ ನೋಡಿದ್ದೇನೆ. ನೋಡಿಕೊಳ್ಳದ ಮಕ್ಕಳಿಂದ ಜೀವನಾಂಶ ಕೊಡಿಸಲು, ನೋಡಿಕೊಳ್ಳುವ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು ಹಿಂಪಡೆಯಲು ಅದರಲ್ಲಿ ದಾರಿಯಿದೆ. ಪ್ರತಿ ಜಿಲ್ಲೆಗೆ ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ಜಾಗವಿರುವ ಒಂದು ವೃದ್ಧಾಶ್ರಮವನ್ನಾದರೂ ಸ್ಥಾಪಿಸಬಹುದು ಎಂಬ ಮಾತೂ ಇದೆ. ಬೇಕಾದ ಕಾಯ್ದೆ, ಅದರಿಂದ ಬದುಕಿಕೊಂಡವರನ್ನು ಬ್ಯಾಂಕಿನಲ್ಲೇ ಕಂಡಿದ್ದೇನೆ. ಆದರೆ ಅದರ ಕಣ್ಣಿನಲ್ಲಿ ಹಿರಿಯರ ಕಷ್ಟವೆಂದರೆ ಹಣವಿಲ್ಲದಿರುವುದು ಅಥವಾ ಮಕ್ಕಳು ಕೈಬಿಡುವುದು. ಹಣವಿದ್ದು, ಮಕ್ಕಳಿದ್ದು, ಎರಡು ಎಕರೆ ತೋಟವಿದ್ದು, ಸಂಜೆ ಐದೂವರೆಗೆ ಕರು ಬಿಡಬೇಕೆಂದು ಗೇಟಿನ ಸರಳು ಹಿಡಿದು ನಿಂತವಳಿಗೆ ಬೇಕಾದದ್ದು ಅವಳನ್ನು ಬಲ್ಲ ಒಂದು ಜೊತೆ ಕೈ. ತಾಲ್ಲೂಕಿಗೊಂದರಂತೆ ಹತ್ತು ಹದಿನೈದು ಮಂದಿಯ ಸಣ್ಣ ಮನೆಗಳು, ಅದೇ ಸೀಮೆಯ ಮಾತಾಡುವ, ಅದೇ ಸೀಮೆಯ ಕೆಲಸ ಬಲ್ಲ ಹೆಂಗಸರಿಗೆ ತರಬೇತಿ ಮತ್ತು ಮರ್ಯಾದೆಯ ಸಂಬಳ: ನಾನು ಕೇಳುವುದು ಇಷ್ಟು. ಅದಾಗುವವರೆಗೆ, ಅಪ್ಪ ಅಮ್ಮನನ್ನು ಇಂಥ ಕಡೆ ಸೇರಿಸುವ ಸ್ಥಿತಿ ಬಂದವರು ಮಾತ್ರೆಯ ಚೀಟಿಯ ಜೊತೆ ಇನ್ನೊಂದು ಹಾಳೆಯನ್ನು ಬರೆದುಕೊಂಡು ಹೋಗಿ ಎಂದು ಕೈಮುಗಿದು ಕೇಳುತ್ತೇನೆ. ಅವರು ಎಷ್ಟು ಹೊತ್ತಿಗೆ ಏಳುತ್ತಿದ್ದರು, ಎದ್ದು ಮೊದಲು ಏನು ಮಾಡುತ್ತಿದ್ದರು, ಸಂಜೆ ಅವರ ಕೈಯಲ್ಲಿ ಏನಿರುತ್ತಿತ್ತು. ಬರೆಯಲು ಕೂತರೆ ನಿಮಗೆ ಎಷ್ಟು ಗೊತ್ತಿಲ್ಲ ಎಂಬುದು ತಿಳಿದೀತು. ಆಗ ಅವರನ್ನೇ ಕೇಳಲು ಇನ್ನೂ ಸಮಯ ಉಳಿದಿದ್ದರೆ ನೀವು ಪುಣ್ಯವಂತರು.

ಕಳೆದ ಜನವರಿಯಲ್ಲಿ ಊರಿನಿಂದ ಹೊಸ ಅಡಿಕೆ ಬಂತು. ತೋಟವನ್ನು ಈಗ ವಹಿಸಿಕೊಂಡವರು ಕಳಿಸಿದ ಅಡಿಕೆ, ಅವರೇ ಬೇಯಿಸಿ ಒಣಗಿಸಿದ್ದು. ಅಮ್ಮ ಈಗ ನನ್ನನ್ನು ‘ತಂಗಿ’ ಎನ್ನುತ್ತಾಳೆ, ತೀರಿಕೊಂಡ ಚಿಕ್ಕಮ್ಮ ಎಂದುಕೊಂಡು. ಗುಡ್ಡೆಗಳು ನಾಲ್ಕರಿಂದ ಎರಡಕ್ಕೆ ಬಂದಿವೆ, ಒಮ್ಮೊಮ್ಮೆ ಅಡಿಕೆಯನ್ನು ಕೈಯಲ್ಲಿ ಹಿಡಿದು ಹಾಗೆಯೇ ಕೂತುಬಿಡುತ್ತಾಳೆ. ಅಂದು ಮೊರದಿಂದ ಎರಡು ಅಡಿಕೆ ಎತ್ತಿಕೊಂಡು ಕಿವಿಯ ಹತ್ತಿರ, ಬಲಗಿವಿಯ ಹತ್ತಿರ, ಒಂದಕ್ಕೊಂದು ತಟ್ಟಿ ನೋಡಿದಳು. ಮತ್ತೆರಡು ಎತ್ತಿಕೊಂಡು ತಟ್ಟಿದಳು. ‘ಯಾರ ಮನೆ ಅಡಿಕೆ ಇದು?’ ಎಂದು ಕೇಳಿದಳು. ‘ನಮ್ಮನೇದೇ ಅಮ್ಮಾ’ ಎಂದೆ. ‘ಒಣಗಿಲ್ಲ ಸಮ. ಇನ್ನೆರಡು ಬಿಸಿಲು ಬೇಕು. ಹೀಗೇ ಚೀಲಕ್ಕೆ ತುಂಬಿದ್ರೆ ಬೂಸ್ಲು ಬರ್ತದೆ’ ಎಂದಳು. ನಾನು ಎರಡನ್ನು ಎತ್ತಿಕೊಂಡು ತಟ್ಟಿ ನೋಡಿದೆ. ಒಣಗಿದ ಅಡಿಕೆಯ ಟಣ್ ಎನ್ನುವ ಸದ್ದು ಬರಲಿಲ್ಲ. ಆ ಸಂಜೆ ಚೀಲವನ್ನು ಮನೆಗೆ ಒಯ್ದು ಮರುದಿನ ಬೆಳಿಗ್ಗೆ ತಾರಸಿಯ ಮೇಲೆ ಚಾಪೆ ಹಾಸಿ ಹರಡಿದೆ.